576101: ಉಡುಪಿಯ ಪಿನ್ ಕೋಡನ್ನು ಕಾಗದದ ಮೇಲೆ ಪೂರ್ತಿ ಬಿಡಿಸುವ ಬಗೆ

ಮಂಗಳೂರಿನ ಪ್ರಧಾನ ಅಂಚೆ ಕಚೇರಿಯ ಪಿನ್ ಕೋಡ್ 575001, ಉಡುಪಿಯದು 576101. ಎರಡೂ ಆರಂಕಿಯವು, ಎರಡೂ 1ರಲ್ಲಿ ಮುಗಿಯುತ್ತವೆ, ನಡುವೆ ಇರುವ ಅಂತರ ಬರೀ 1100. ಹೊರಗಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಒಳಹೊಕ್ಕರೆ ಮಂಗಳೂರಿನ ಸಂಖ್ಯೆ ನಾಲ್ಕೈದು ನಿಮಿಷದಲ್ಲಿ ತುಂಡಾಗುತ್ತದೆ. ಉಡುಪಿಯದು ಏನು ಮಾಡಿದರೂ ಒಡೆಯುವುದಿಲ್ಲ. ಒಂದು ಸಂಖ್ಯೆ ಒಡೆಯುತ್ತಿಲ್ಲ ಎನ್ನುವುದು ಬೇರೆ, ಅದು ಒಡೆಯಲಾರದು ಎಂದು ಸಾಧಿಸಿ ತೋರಿಸುವುದು ಬೇರೆ. ಈ ಎರಡನೆಯ ಕೆಲಸವನ್ನು ಕಾಗದದ ಮೇಲೆ ಮಾಡುವುದು ಹೇಗೆ ಎಂಬುದೇ ಈ ಮಾರ್ಗದರ್ಶಿಯ ಮುಖ್ಯ ಭಾಗ. ಅದಕ್ಕೆ ಬೇಕಾದ ಕೀಲಿ ಸಿಗುವುದು 576101ರಲ್ಲಿ ಅಲ್ಲ, ಅದರ ಪಕ್ಕದ ಮನೆಯಾದ 576100ರಲ್ಲಿ.

ಪಿನ್ ಕೋಡ್ ಪದ್ಧತಿ ಶುರುವಾದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ ವಲಯವನ್ನು, ಮೊದಲ ಮೂರು ಅಂಕಿ ಟಪಾಲು ವಿಂಗಡಿಸುವ ಜಿಲ್ಲೆಯನ್ನು, ಕೊನೆಯ ಮೂರು ಅಂಚೆ ಕಚೇರಿಯನ್ನು ಹೇಳುತ್ತವೆ. ಸಂಖ್ಯೆ ಹಂಚಿದವರು ಗಣಿತ ನೋಡಿ ಹಂಚಿದ್ದಲ್ಲ. ಅಭ್ಯಾಸಕ್ಕೆ ಇದು ಒಳ್ಳೆಯದಾಗುವುದೂ ಅದೇ ಕಾರಣಕ್ಕೆ: ಉತ್ತರ ಚೆಂದ ಬರಲಿ ಎಂದು ಪಠ್ಯಪುಸ್ತಕದವರು ಜೋಡಿಸಿಟ್ಟ ಸಂಖ್ಯೆ ಇದಲ್ಲ.

ಬೇಕಾಗುವ ಸಾಮಾನು

ಗೆರೆ ಹಾಕಿದ ಒಂದು ನೋಟ್ ಪುಸ್ತಕ, ಪೆನ್ನು, ಮತ್ತು ಅಂಗಡಿಗಳಲ್ಲಿ ಬಿಲ್ ಕೂಡಿಸಲು ಇಡುವಂಥ 12 ಅಂಕಿಯ ಕ್ಯಾಲ್ಕುಲೇಟರ್. ಇಲ್ಲಿ 12 ಅಂಕಿ ಎನ್ನುವುದು ಮುಖ್ಯ. ನಾವು ಮಾಡುವ ಗುಣಾಕಾರಗಳ ಉತ್ತರ 11 ಅಂಕಿಯವರೆಗೆ ಹೋಗುತ್ತದೆ. ಕಾಲೇಜು ಮಕ್ಕಳ ಬಳಿ ಇರುವ 10 ಅಂಕಿ ತೋರಿಸುವ ಸೈಂಟಿಫಿಕ್ ಕ್ಯಾಲ್ಕುಲೇಟರ್ ಅಂಥ ಉತ್ತರವನ್ನು 10ರ ಘಾತವಾಗಿ ಬರೆದು ಕೊನೆಯ ಅಂಕಿಗಳನ್ನು ಕಾಣಗೊಡುವುದಿಲ್ಲ. ನಮಗೆ ಬೇಕಾದದ್ದು ಆ ಕೊನೆಯ ಅಂಕಿಗಳೇ. ಎಕ್ಸೆಲ್ 15 ಅಂಕಿಯವರೆಗೆ ನಿಖರ, ಹಾಗಾಗಿ ಒಂದೊಂದೇ ಹೆಜ್ಜೆ ಇಟ್ಟರೆ ಸಾಕಾಗುತ್ತದೆ. ಆದರೆ ಮುಂದೆ ನಮಗೆ ಬೇಕಾಗುವ 2⁷⁰⁰ ಎಂಬುದನ್ನು ನೇರವಾಗಿ ಬರೆದರೆ ಆಗುವುದಿಲ್ಲ. ಆ ಸಂಖ್ಯೆಗೆ 211 ಅಂಕಿಗಳಿವೆ, ಎಕ್ಸೆಲ್ ಮೊದಲ 15 ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ.

ಸಮಯ ಒಂದು ಮಧ್ಯಾಹ್ನ. ಆಟಿಯ ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳನ್ನು ಕೂರಿಸಿಕೊಂಡು ಮಾಡಲು ಹದವಾದ ಕೆಲಸ.

ಕೈ ಪಳಗಿಸಲು ಮೊದಲು 575001

ಅಂಕಿಗಳನ್ನು ಕೂಡಿಸಿ: 5+7+5+0+0+1 = 18. ಮೊತ್ತ 9ರಿಂದ ಭಾಗವಾಗುವುದರಿಂದ ಸಂಖ್ಯೆಯೂ ಭಾಗವಾಗುತ್ತದೆ. 575001 ÷ 9 = 63889. ಇದರ ಅಂಕಿಮೊತ್ತ 34, ಇನ್ನು 3 ಹೋಗುವುದಿಲ್ಲ. 7ರಿಂದ ಭಾಗಿಸಿದರೆ 9127, ಶೇಷ ಇಲ್ಲ. ಇನ್ನೊಮ್ಮೆ 7ರಿಂದ ಭಾಗಿಸಿ ನೋಡಿ, 6 ಉಳಿಯುತ್ತದೆ. ಈ ಎರಡನೇ ಸಲ ನೋಡುವುದನ್ನು ಮರೆಯುವವರೇ ಹೆಚ್ಚು. ಒಂದು ಅಪವರ್ತನ ಸಿಕ್ಕಿದ ಕೂಡಲೇ ಮುಂದಿನದಕ್ಕೆ ಓಡಬಾರದು, ಅದೇ ಮತ್ತೆ ಹೋಗುತ್ತದೆಯೇ ಎಂದು ನೋಡಲೇಬೇಕು.

ಉಳಿದದ್ದು 9127. ಇದರ ವರ್ಗಮೂಲ ಸುಮಾರು 95.5. ಒಂದು ಸಂಖ್ಯೆ ಒಡೆಯುವುದಿದ್ದರೆ ಅದರ ತುಂಡುಗಳಲ್ಲಿ ಒಂದಾದರೂ ವರ್ಗಮೂಲದಷ್ಟೇ ಅಥವಾ ಅದಕ್ಕಿಂತ ಚಿಕ್ಕದಿರಲೇಬೇಕು. ಎರಡೂ ದೊಡ್ಡವಾದರೆ ಗುಣಲಬ್ಧ ಮಿತಿ ಮೀರುತ್ತದೆ. ಆದ್ದರಿಂದ 11ರಿಂದ 89ರವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದರೆ ಸಾಕು. ಯಾವುದೂ ಹೋಗುವುದಿಲ್ಲ. ತೀರಾ ಹತ್ತಿರ ಬರುವುದು 13 ಮತ್ತು 73: 13 × 702 = 9126, 73 × 125 = 9125. ಇಂಥ ಕಡೆ ಅವಸರದಲ್ಲಿ 'ಹೋಯಿತು' ಎಂದು ಬರೆದುಬಿಡುವ ಅಪಾಯ ಇದೆ.

ಹೀಗಾಗಿ 575001 = 3² × 7 × 9127. ಈ ಒಂದು ಸಾಲು ಬಂತೆಂದರೆ ಉಳಿದ ಗುಣಗಳು ತಾವಾಗಿ ಬರುತ್ತವೆ. ಘಾತಾಂಕಗಳಿಗೆ ಒಂದೊಂದು ಸೇರಿಸಿ ಗುಣಿಸಿ: 3 × 2 × 2 = 12 ಭಾಜಕಗಳು. ಭಾಜಕಗಳ ಮೊತ್ತ (1+3+9) × (1+7) × (1+9127) = 13 × 8 × 9128 = 949312. ಇದರಿಂದ ಸಂಖ್ಯೆಯನ್ನೇ ಕಳೆದರೆ 374311. ಅದು 575001ಕ್ಕಿಂತ ಕಡಿಮೆ, ಅಂದರೆ ತನ್ನ ಭಾಜಕಗಳೆಲ್ಲ ಸೇರಿದರೂ ತನ್ನನ್ನು ತುಂಬಲಾಗದ 'ಕೊರತೆಯ ಸಂಖ್ಯೆ' ಇದು. ಇಲ್ಲಿ ಆಗುವ ಸಾಮಾನ್ಯ ತಪ್ಪು 3²ಕ್ಕೆ 1+9 ಎಂದು ಬರೆಯುವುದು. ನಡುವಿನ 3 ಬಿಟ್ಟುಹೋದರೆ ಮೊತ್ತ ಪೂರ್ತಿ ತಪ್ಪು.

ಈಗ 576101: ಸುಲಭದ ಬಾಗಿಲುಗಳು

ಕೊನೆಯ ಅಂಕಿ 1, ಆದ್ದರಿಂದ 2 ಮತ್ತು 5 ಇಲ್ಲ. ಅಂಕಿಮೊತ್ತ 20, 3 ಇಲ್ಲ. 11ಕ್ಕೆ ಬಲದಿಂದ ಒಂದು ಬಿಟ್ಟು ಒಂದು ಕೂಡಿ ಕಳೆಯಿರಿ: 1−0+1−6+7−5 = −2, ಇಲ್ಲ.

ಇಲ್ಲಿಂದ ಮುಂದೆ ಒಂದೊಂದೇ ಭಾಗಿಸುತ್ತಾ ಹೋಗುವುದಾದರೆ ಎಷ್ಟು ದೂರ? 759² = 576081, 760² = 577600. ಅಂದರೆ 759ರವರೆಗೆ. ಅಷ್ಟರೊಳಗೆ 134 ಅವಿಭಾಜ್ಯಗಳಿವೆ, ಕೊನೆಯದು 757. ನೂರಮೂವತ್ತಕ್ಕೂ ಹೆಚ್ಚು ಭಾಗಾಕಾರ ಮಾಡುವುದು ಅಸಾಧ್ಯವೇನಲ್ಲ. ಆದರೆ ಅದರ ಕೊರತೆ ಬೇರೆ: ನಡುವೆ ಎಲ್ಲೋ ಒಂದು ಭಾಗಾಕಾರ ತಪ್ಪಿದರೆ ಅದು ಕೊನೆಗೂ ಗೊತ್ತಾಗುವುದೇ ಇಲ್ಲ. ಶೇಷ 0 ಬರಬೇಕಾದಲ್ಲಿ 3 ಬರೆದರೆ, ಒಡೆಯುವ ಸಂಖ್ಯೆಯನ್ನು ಒಡೆಯದು ಎಂದು ಹೇಳಿ ಮುಗಿಸಿರುತ್ತೀರಿ.

ಅದಕ್ಕೆ ನೆರೆಹೊರೆಯನ್ನು ವಿಚಾರಿಸಬೇಕು. ಹಿಂದಿನ ಸಂಖ್ಯೆ 576100. ಇದನ್ನು ಒಡೆಯುವುದು ಬಲು ಸುಲಭ: 100 × 5761, ಮತ್ತೆ 5761 = 7 × 823. ಒಟ್ಟು 2² × 5² × 7 × 823, ಅಥವಾ 700 × 823. ಈ 823 ಅವಿಭಾಜ್ಯ; 29² = 841 ಆಗಿರುವುದರಿಂದ 23ರವರೆಗೆ ಒಂಬತ್ತು ಭಾಗಾಕಾರದಲ್ಲಿ ಖಚಿತವಾಗುತ್ತದೆ. ಈಗ ಗಮನಿಸಬೇಕಾದದ್ದು ಒಂದೇ: 823 ಎಂಬುದು 759ಕ್ಕಿಂತ ದೊಡ್ಡದು. ಇಡೀ ಸಾಧನೆ ನಿಂತಿರುವುದು ಈ ಒಂದು ಹೋಲಿಕೆಯ ಮೇಲೆ.

ಹಿಂದಿರುವ ಎರಡು ನಿಯಮಗಳು

ಮೊದಲನೆಯದು ಫ್ರಾನ್ಸಿನ ಪಿಯರ್ ಡಿ ಫರ್ಮಾ 1640ರ ಒಂದು ಪತ್ರದಲ್ಲಿ ಬರೆದದ್ದು. ಪ ಎಂಬುದು ಅವಿಭಾಜ್ಯವಾಗಿದ್ದು, ಆಯ್ದ ಸಂಖ್ಯೆ ಅದರಿಂದ ಭಾಗವಾಗದಿದ್ದರೆ, ಆ ಸಂಖ್ಯೆಯ (ಪ−1)ನೇ ಘಾತವನ್ನು ಪ-ದಿಂದ ಭಾಗಿಸಿದಾಗ ಶೇಷ 1. ಹಾಗಾದರೆ 2⁵⁷⁶¹⁰⁰ ಅನ್ನು 576101ರಿಂದ ಭಾಗಿಸಿ ಶೇಷ 1 ಬಂದರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ. 341 ನೋಡಿ: 2¹⁰ = 1024 = 3 × 341 + 1, ಆದ್ದರಿಂದ 2³⁴⁰ಕ್ಕೂ ಶೇಷ 1. ಆದರೂ 341 = 11 × 31. ಶೇಷ 1 ಬರದಿದ್ದರೆ ಸಂಖ್ಯೆ ಖಂಡಿತ ಒಡೆಯುತ್ತದೆ. ಬಂದರೆ ಏನೂ ಖಂಡಿತವಿಲ್ಲ.

ಆ ಸಂದೇಹ ತೆಗೆಯುವುದು ಇಂಗ್ಲೆಂಡಿನ ಗಣಿತಜ್ಞ ಪಾಕ್ಲಿಂಗ್‌ಟನ್ 1914ರಲ್ಲಿ ಕೊಟ್ಟ ಎರಡನೇ ನಿಯಮ. ನಮ್ಮ ಸಂಖ್ಯೆಗೆ ಅದನ್ನು ಹೀಗೆ ಹೇಳಬಹುದು. 2⁷⁰⁰ ಅನ್ನು 576101ರಿಂದ ಭಾಗಿಸಿದಾಗ ಬರುವ ಶೇಷವನ್ನು ಕ ಎಂದು ಕರೆಯೋಣ. ಎರಡು ವಿಷಯ ತೋರಿಸಬೇಕು: ಕ⁸²³ರ ಶೇಷ 1 ಎಂದು, ಮತ್ತು ಕ−1 ಹಾಗೂ 576101ರ ಮಹತ್ತಮ ಸಾಮಾನ್ಯ ಅಪವರ್ತನ 1 ಎಂದು. ಅಷ್ಟಾದರೆ ಸಾಕು. ಯಾಕೆಂದರೆ, 576101ಕ್ಕೆ ಪ ಎಂಬ ಅವಿಭಾಜ್ಯ ಅಪವರ್ತನ ಇದೆ ಎಂದುಕೊಳ್ಳಿ. ಪ-ದಿಂದ ಭಾಗಿಸುವಾಗಲೂ ಕ⁸²³ಕ್ಕೆ ಶೇಷ 1. ಕ-ವನ್ನು ಅದರಿಂದಲೇ ಗುಣಿಸುತ್ತಾ ಹೋದರೆ ಮೊದಲ ಬಾರಿ ಶೇಷ 1 ಬರುವ ಘಾತ 823ರ ಭಾಜಕವಾಗಿರಬೇಕು, ಅಂದರೆ 1 ಅಥವಾ 823. 1 ಆದರೆ ಪ ಎಂಬುದು ಕ−1ರ ಭಾಜಕವಾಗುತ್ತದೆ, ಅದನ್ನು ಮ.ಸಾ.ಅ. ತಡೆಯುತ್ತದೆ. ಉಳಿದದ್ದು 823. ಫರ್ಮಾನ ನಿಯಮದಂತೆ ಈ ಘಾತ ಪ−1ನ್ನು ಭಾಗಿಸಲೇಬೇಕು, ಹಾಗಾಗಿ ಪ ಕನಿಷ್ಠ 824. ಆದರೆ ಒಡೆಯುವ ಸಂಖ್ಯೆಗೆ 759ರೊಳಗೆ ಒಂದು ಅವಿಭಾಜ್ಯ ಅಪವರ್ತನ ಇರಲೇಬೇಕಿತ್ತು. ಇಲ್ಲ ಎಂದಾಯಿತು, ಆದ್ದರಿಂದ ಸಂಖ್ಯೆ ಒಡೆಯುವುದಿಲ್ಲ.

341 ಇಲ್ಲಿ ಯಾಕೆ ಜಾರಲಾರದು ಎಂಬುದೂ ಸ್ಪಷ್ಟ. 340 = 2² × 5 × 17. ಅಲ್ಲಿನ ಅತಿ ದೊಡ್ಡ ಅವಿಭಾಜ್ಯ 17, 341ರ ವರ್ಗಮೂಲವೋ 18ಕ್ಕಿಂತ ಸ್ವಲ್ಪ ಹೆಚ್ಚು. ವರ್ಗಮೂಲಕ್ಕಿಂತ ದೊಡ್ಡ ಅವಿಭಾಜ್ಯ ಬೇಕೆಂಬ ಷರತ್ತೇ ತಪ್ಪಿತು.

ಲೆಕ್ಕ ಮಾಡುವ ಕ್ರಮ

2⁷⁰⁰ ಎಂದರೆ 700 ಸಲ ಗುಣಿಸಬೇಕಿಲ್ಲ. ವರ್ಗ ಮಾಡಿದರೆ ಘಾತಾಂಕ ಇಮ್ಮಡಿಯಾಗುತ್ತದೆ, ಬೇಕಾದಲ್ಲಿ ಒಂದು 2 ಸೇರಿಸಿದರೆ ಘಾತಾಂಕ ಒಂದು ಹೆಚ್ಚುತ್ತದೆ. ದಾರಿ ಗುರುತಿಸಲು ಹಿಂದಿನಿಂದ ಬನ್ನಿ: 700ರ ಅರ್ಧ 350, ಅದರ ಅರ್ಧ 175, ಬೆಸವಾದ್ದರಿಂದ ಒಂದು ಕಳೆದು 174, ಅರ್ಧ 87, ಮತ್ತೆ 86, 43, 42, 21, 20, 10. ಈ ಪಟ್ಟಿಯನ್ನು ತಲೆಕೆಳಗಾಗಿ ಏರಿದರೆ ಆಯಿತು.

ಪ್ರತಿ ಹೆಜ್ಜೆಯಲ್ಲೂ ಉತ್ತರವನ್ನು 576101ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಶೇಷ 288050ಕ್ಕಿಂತ ದೊಡ್ಡದಾದರೆ 576101ನ್ನು ಕಳೆದು ಋಣ ಸಂಖ್ಯೆಯಾಗಿ ಬರೆಯಿರಿ. ಆಗ ಯಾವ ಗುಣಲಬ್ಧವೂ 11 ಅಂಕಿ ದಾಟುವುದಿಲ್ಲ.

ಒಂದು ಹೆಜ್ಜೆಯನ್ನು ಬಿಡಿಸಿ ತೋರಿಸುವುದಾದರೆ: 2²¹ರ ಶೇಷ −207252. ವರ್ಗ 42953391504. ಕ್ಯಾಲ್ಕುಲೇಟರಿನಲ್ಲಿ 576101ರಿಂದ ಭಾಗಿಸಿದರೆ 74558 ಮತ್ತು ಚಿಲ್ಲರೆ. ಚಿಲ್ಲರೆ ಬಿಟ್ಟು 74558 × 576101 = 42952938358. ಕಳೆದರೆ 453146. ಅದು ಅರ್ಧಕ್ಕಿಂತ ದೊಡ್ಡದು, ಆದ್ದರಿಂದ −122955 ಎಂದು ಬರೆಯಿರಿ.

ಕೂಡಲೇ ಒಂಬತ್ತರ ತಾಳೆ ನೋಡಿ, ಅಂದರೆ 9ರಿಂದ ಭಾಗಿಸಿದಾಗ ಎರಡೂ ಕಡೆ ಒಂದೇ ಶೇಷ ಬರುತ್ತದೆಯೇ ಎಂದು ಅಂಕಿಮೊತ್ತದಿಂದ ಪರೀಕ್ಷಿಸಿ. 207252ರ ಅಂಕಿಮೊತ್ತ 18, ಅಂದರೆ 0, ವರ್ಗವೂ 0. ಇನ್ನೊಂದು ಕಡೆ 576101ಕ್ಕೆ 2, 74558ಕ್ಕೆ 2, ಗುಣಿಸಿದರೆ 4, 453146ಕ್ಕೆ 5, ಕೂಡಿಸಿದರೆ 9, ಅಂದರೆ 0. ತಾಳೆಯಾಯಿತು. ಆದರೆ ಅಂಕಿಗಳು ಅದಲುಬದಲಾದರೆ ಒಂಬತ್ತರ ತಾಳೆಗೆ ಅದು ಕಾಣುವುದಿಲ್ಲ. 453146ನ್ನು 435146 ಎಂದು ಬರೆದರೂ ಮೊತ್ತ ಅದೇ. ಹಾಗಾಗಿ ಹನ್ನೊಂದರ ತಾಳೆಯನ್ನೂ ನೋಡುವುದು ಜಾಣತನ. ಅಕ್ಕಪಕ್ಕದ ಅಂಕಿ ಅದಲುಬದಲಾದದ್ದು ಅದರಲ್ಲಿ ಸಿಕ್ಕಿಬೀಳುತ್ತದೆ.

ಮೊದಲ ಏಣಿ:

2¹⁰ → 1024
2²⁰ → −103626
2²¹ → −207252
2⁴² → −122955
2⁴³ → −245910
2⁸⁶ → 134433
2⁸⁷ → 268866
2¹⁷⁴ → −227524
2¹⁷⁵ → 121053
2³⁵⁰ → 123773
2⁷⁰⁰ → 77737

ಆದ್ದರಿಂದ ಕ = 77737. ಇನ್ನು 823ಕ್ಕೆ ಏರಬೇಕು. ಹಿಂದಿನಿಂದ: 823, 822, 411, 410, 205, 204, 102, 51, 50, 25, 24, 12, 6, 3, 2, 1. ಈ ಏಣಿಯಲ್ಲಿ ಬೆಸಕ್ಕೆ ಏರುವಾಗ ಗುಣಿಸಬೇಕಾದದ್ದು 2ರಿಂದ ಅಲ್ಲ, 77737ರಿಂದ. ಅಭ್ಯಾಸಬಲದಿಂದ 2 ಬರೆದು ಕೆಟ್ಟುಹೋಗುವುದು ಇಲ್ಲೇ.

ಕ² → −258321
ಕ³ → 52980
ಕ⁶ → 116328
ಕ¹² → 167195
ಕ²⁴ → 19202
ಕ²⁵ → 28183
ಕ⁵⁰ → −161790
ಕ⁵¹ → −208299
ಕ¹⁰² → 2687
ಕ²⁰⁴ → −269344
ಕ²⁰⁵ → −179784
ಕ⁴¹⁰ → 140051
ಕ⁴¹¹ → −12111
ಕ⁸²² → −229434
ಕ⁸²³ → 1

ಕೊನೆಯ ಸಾಲಿನಲ್ಲಿ 229434 × 77737 = 17835510858, 576101ರಿಂದ ಭಾಗಿಸಿದರೆ ಶೇಷ 576100, ಅಂದರೆ −1. ಮುಂದಿದ್ದ ಋಣ ಚಿಹ್ನೆ ಸೇರಿ 1. ಎರಡೂ ಏಣಿ ಸೇರಿ ದೊಡ್ಡ ಗುಣಾಕಾರ 21 ಮಾತ್ರ. ಸುಮಾರು 1.73 ಲಕ್ಷ ಅಂಕಿಗಳಿರುವ 2⁵⁷⁶¹⁰⁰ರ ಶೇಷ ಒಂದು ಪುಟದಲ್ಲಿ ಸಿಕ್ಕಿತು. ಈ ವಿಧಾನದ ದೊಡ್ಡ ಗುಣ ಇನ್ನೊಂದಿದೆ: ನಡುವೆ ಎಲ್ಲಿ ತಪ್ಪಿದರೂ ಕೊನೆಗೆ 1 ಬರುವುದಿಲ್ಲ ಎಂದೇ ಹೇಳಬೇಕು, ಲಕ್ಷಗಟ್ಟಲೆ ಶೇಷಗಳ ನಡುವೆ ಅದು ಆಕಸ್ಮಿಕವಾಗಿ ಬರುವ ಸಂಭವ ಅಷ್ಟು ಕಡಿಮೆ. ಒಂದೊಂದೇ ಭಾಗಿಸುವ ದಾರಿಯಲ್ಲಿ ಬಚ್ಚಿಟ್ಟುಕೊಳ್ಳುವ ತಪ್ಪು ಇಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. 1 ಬರದಿದ್ದರೆ ಸಂಖ್ಯೆಯನ್ನು ದೂರುವ ಮೊದಲು ತಾಳೆಗಳನ್ನು ಮೇಲಿನಿಂದ ಮತ್ತೆ ನೋಡಿ.

ಉಳಿದದ್ದು 77736 ಮತ್ತು 576101ರ ಮ.ಸಾ.ಅ. ಯೂಕ್ಲಿಡ್ ಭಾಗಾಕಾರ ಸಾಕು: ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಆಮೇಲೆ ಚಿಕ್ಕದನ್ನು ಬಂದ ಶೇಷದಿಂದ, ಹೀಗೆ ಮುಂದುವರಿಯಿರಿ. ಶೇಷಗಳು ಕ್ರಮವಾಗಿ 31949, 13838, 4273, 1019, 197, 34, 27, 7, 6, 1. ಕೊನೆಗೆ 1. ಉಡುಪಿಯ 576101 ಅವಿಭಾಜ್ಯ. ಇದು ಅಂದಾಜಲ್ಲ, ಪೂರ್ತಿ ಸಾಧನೆ.

ಇಷ್ಟು ದೊಡ್ಡ ಸಂಖ್ಯೆಗಳ ನಡುವೆ ಸುಮಾರು 13ಕ್ಕೆ ಒಂದು ಅವಿಭಾಜ್ಯ. 1, 3, 7, 9ರಲ್ಲಿ ಮುಗಿಯುವವನ್ನಷ್ಟೇ ತೆಗೆದುಕೊಂಡರೆ ಐದಕ್ಕೆ ಒಂದರಷ್ಟು. ಅಪರೂಪವಲ್ಲ, ಆದರೆ ಸುಮ್ಮನೆ ಸಿಗುವಂಥದ್ದೂ ಅಲ್ಲ. ಇದಕ್ಕೆ ಎರಡರ ಅಂತರದಲ್ಲಿರುವ ಜೋಡಿ ಅವಿಭಾಜ್ಯವೂ ಇಲ್ಲ: 576099ರ ಅಂಕಿಮೊತ್ತ 36, ಇತ್ತ 576103 = 11 × 83 × 631.

ಎರಡು ವರ್ಗಗಳ ಮೊತ್ತ

ನಾಲ್ಕರಿಂದ ಭಾಗಿಸಿದಾಗ 1 ಉಳಿಯುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. 576101ರ ಕೊನೆಯ ಎರಡಂಕಿ 01, ಆದ್ದರಿಂದ ಶೇಷ 1. ವರ್ಗಗಳು ಇವೆ ಎಂಬುದು ಗೊತ್ತು, ಹುಡುಕುವುದು ಹೇಗೆ?

ವರ್ಗದ ಕೊನೆಯ ಅಂಕಿ 0, 1, 4, 5, 6, 9 ಮಾತ್ರ. ಎರಡು ಕೂಡಿ 1ರಲ್ಲಿ ಮುಗಿಯಬೇಕಾದರೆ 0 ಮತ್ತು 1, ಇಲ್ಲವೇ 5 ಮತ್ತು 6. ಎರಡರಲ್ಲೂ ಒಂದು ಸಂಖ್ಯೆ 5ರಿಂದ ಭಾಗವಾಗುತ್ತದೆ, ಅದರ ವರ್ಗ 25ರಿಂದ. 576101ನ್ನು 25ರಿಂದ ಭಾಗಿಸಿದರೆ ಉಳಿಯುವುದು 1. ಹಾಗಾಗಿ ಇನ್ನೊಂದರ ವರ್ಗಕ್ಕೂ ಶೇಷ 1. ಅದು 25ರ ಯಾವುದೋ ಗುಣಕದ ಹಿಂದಿನ ಅಥವಾ ಮುಂದಿನ ಸಂಖ್ಯೆಯೇ ಆಗಿರಬೇಕು. ಅದು ಬೆಸ ಎಂದುಕೊಂಡರೆ 50ರ ಗುಣಕಕ್ಕೆ ಒಂದು ಹೆಚ್ಚು ಅಥವಾ ಕಡಿಮೆ: 49, 51, 99, 101 ಹೀಗೆ. 759ರವರೆಗೆ ಇಂಥವು ಮೂವತ್ತರ ಆಸುಪಾಸು. ಮೇಲಿನಿಂದ ಇಳಿಯುತ್ತಾ ಬನ್ನಿ. ಮೊದಲನೆಯದೇ 751. 751² = 564001. ಕಳೆದರೆ 12100. ಅದು 110².

576101 = 110² + 751². ಮೊದಲ ಪ್ರಯತ್ನದಲ್ಲೇ ಸಿಕ್ಕಿದ್ದು ಅದೃಷ್ಟ. ಬೇರೆ ಸಂಖ್ಯೆಯಲ್ಲಿ ಪಟ್ಟಿ ಪೂರ್ತಿ ಇಳಿಯಬೇಕಾದೀತು, ಬೆಸದ ಪಟ್ಟಿಯಲ್ಲಿ ಸಿಗದಿದ್ದರೆ ಸಮಸಂಖ್ಯೆಗಳ ಪಟ್ಟಿ ತೆಗೆಯಬೇಕಾದೀತು. ಇದರಿಂದಲೇ ಒಂದು ಲಂಬಕೋನ ತ್ರಿಭುಜವೂ ಸಿಗುತ್ತದೆ: 751² − 110² = 551901, 2 × 751 × 110 = 165220. ಈ ಎರಡು ಬಾಹುಗಳಿಗೆ ವಿಕರ್ಣ ಸರಿಯಾಗಿ 576101.

ಮಂಗಳೂರಿನ 575001ಕ್ಕೆ ಇದು ಸಾಧ್ಯವೇ ಇಲ್ಲ. ಎರಡು ವರ್ಗಗಳ ಮೊತ್ತ 7ರಿಂದ ಭಾಗವಾದರೆ ಎರಡೂ ಸಂಖ್ಯೆಗಳು 7ರಿಂದ ಭಾಗವಾಗಿರಬೇಕು, ಆಗ ಮೊತ್ತ 49ರಿಂದಲೂ ಭಾಗವಾಗಬೇಕು. ನಾವು ಎರಡನೇ ಸಲ 7ರಿಂದ ಭಾಗಿಸಿದಾಗ 6 ಉಳಿದದ್ದು ನೆನಪಿದೆಯಲ್ಲ, ಅಲ್ಲಿಗೇ ಬಾಗಿಲು ಮುಚ್ಚಿತು.

ನಿಮ್ಮ ಊರಿನ ಸಂಖ್ಯೆಗೆ

ಮಣಿಪಾಲದ 576104 = 2³ × 23 × 31 × 101. ಸುರತ್ಕಲ್ಲಿನ ಎನ್‌ಐಟಿಕೆ ಇರುವ ಶ್ರೀನಿವಾಸನಗರದ 575025 = 3 × 5² × 11 × 17 × 41. ಇವೆರಡಕ್ಕೂ ಏಣಿ ಬೇಕಿಲ್ಲ, ಭಾಗಾಕಾರದಲ್ಲೇ ಕಳಚಿಕೊಳ್ಳುತ್ತವೆ. ನಿಮ್ಮ ಪಿನ್ ಕೋಡ್ 50ರೊಳಗಿನ ಅವಿಭಾಜ್ಯಗಳಿಗೆ ಬಗ್ಗದಿದ್ದರೆ ಅದರ ಹಿಂದಿನ ಸಂಖ್ಯೆಯನ್ನು ಒಡೆಯಲು ಶುರುಮಾಡಿ. ಅಲ್ಲಿ ವರ್ಗಮೂಲಕ್ಕಿಂತ ದೊಡ್ಡ ಅವಿಭಾಜ್ಯ ಸಿಕ್ಕರೆ ಮೇಲಿನ ಲೆಕ್ಕ ಹಾಗೆಯೇ ನಡೆಯುತ್ತದೆ. ಸಿಗದಿದ್ದರೆ ಎರಡು ಮೂರು ಅವಿಭಾಜ್ಯಗಳನ್ನು ಸೇರಿಸಿ, ಅವುಗಳ ಗುಣಲಬ್ಧ ವರ್ಗಮೂಲವನ್ನು ದಾಟುವಂತೆ ಆರಿಸಿ, ಮ.ಸಾ.ಅ. ಪರೀಕ್ಷೆಯನ್ನು ಒಂದೊಂದಕ್ಕೂ ಬೇರೆಬೇರೆಯಾಗಿ ಮಾಡಬೇಕು. ಯಾವುದಾದರೂ ಒಂದು ಪರೀಕ್ಷೆಯಲ್ಲಿ ಮ.ಸಾ.ಅ. ಪೂರ್ತಿ ಸಂಖ್ಯೆಯೇ ಬಂದರೆ ಗಾಬರಿ ಬೇಡ. 2ರ ಬದಲು 3 ಅಥವಾ 5 ಹಿಡಿದು ಆ ಏಣಿಯನ್ನು ಮಾತ್ರ ಮತ್ತೆ ಏರಿ. 1ಕ್ಕೂ ಪೂರ್ತಿ ಸಂಖ್ಯೆಗೂ ನಡುವಿನ ಏನಾದರೂ ಬಂದರೆ ಪೆನ್ನು ಕೆಳಗಿಡಬಹುದು, ನಿಮ್ಮ ಸಂಖ್ಯೆಯ ಒಂದು ತುಂಡು ಕೈಗೆ ಬಂದಿದೆ.